ಅನುಮಾನ ಇಟ್ಟುಕೊಂಡೇ ಹೋಗಬಹುದೇ?

ಪ್ರಶ್ನೆ: ಮನೆ ಸಾಲದ ಕಂತು, ಯಾವಾಗ ಹೋದೀತೋ ಎಂಬಂತಿರುವ ಕೆಲಸ, ಊರಲ್ಲಿ ಅಮ್ಮನ ಕಾಯಿಲೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಆಫೀಸಿನ ಕ್ರೈಸ್ತ ಗೆಳೆಯನೊಬ್ಬ ‘ಒಂದು ಬುಧವಾರ ಮಾಹಿಮ್‌ಗೆ ಬಾ, ಬೈಬಲ್ ಓದು, ಸಮಾಧಾನ ಸಿಗುತ್ತದೆ’ ಎನ್ನುತ್ತಿದ್ದಾನೆ. ನಾನು ಕ್ರೈಸ್ತನಲ್ಲ. ದೇವರು ಇದ್ದಾನೆಯೇ ಎಂಬುದೇ ನನಗೆ ಅನುಮಾನ. ನಂಬಿಕೆಯಿಂದ ಚಿಂತೆ ಹೋಗುತ್ತದೆ ಎನ್ನುವುದು ನಿಜವೇ? ನನ್ನಂಥ ಅನುಮಾನದ ಮನುಷ್ಯನಿಗೆ ಅಲ್ಲಿ ಜಾಗ ಇದೆಯೇ?
ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಜಾಗ ಇದೆ. ಅದಕ್ಕೆ ಪುರಾವೆ ಬೇಕೆಂದು ಮಾಹಿಮ್‌ವರೆಗೆ ಹೋಗಬೇಕಾಗಿಲ್ಲ, ವೆಸ್ಟರ್ನ್ ಲೈನಿನ ಕೊನೆಯ ಸ್ಟೇಷನ್ ಸಾಕು. ಚರ್ಚ್‌ಗೇಟ್ ಎಂದರೆ ಹಳೆಯ ಮುಂಬಯಿ ಕೋಟೆಯ ಮೂರು ಬಾಗಿಲುಗಳಲ್ಲೊಂದು; ಸಂತ ತೋಮನ ಚರ್ಚಿಗೆ ಹೋಗುವ ದಾರಿಯದು. 1676ರಲ್ಲಿ ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದಲ್ಲಿ ಕೆಲಸ ಶುರುವಾಗಿ, ವರ್ಷಗಟ್ಟಲೆ ಅರ್ಧಕ್ಕೆ ನಿಂತು, ರಿಚರ್ಡ್ ಕಾಬ್ ಎಂಬ ಪಾದ್ರಿ ಹಟ ಹಿಡಿದು ಮುಗಿಸಿದ ಮೇಲೆ 1718ರ ಕ್ರಿಸ್‌ಮಸ್ ದಿನ ಅಲ್ಲಿ ಮೊದಲ ಆರಾಧನೆ ನಡೆಯಿತು. ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿ ಕೆಡವಿದರು, ಬಾಗಿಲಿನ ಹೆಸರು ರೈಲಿಗೆ ಉಳಿಯಿತು. ದಿನಾ ಲಕ್ಷಾಂತರ ಜನ ಇಳಿದು ಹತ್ತುವ ಆ ಸ್ಟೇಷನ್ನಿನ ಹಿಂದೆ ಇರುವ ತೋಮ, ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಅನುಮಾನಕ್ಕೇ ಹೆಸರಾದವನು.

ಆತನ ಕಥೆ ಯೋಹಾನನ ಸುವಾರ್ತೆಯ ಇಪ್ಪತ್ತನೇ ಅಧ್ಯಾಯದಲ್ಲಿದೆ. ಸತ್ತ ಗುರು ಎದ್ದು ಬಂದಿದ್ದನೆಂದು ಉಳಿದವರೆಲ್ಲ ಹೇಳಿದರೂ ತೋಮ ಒಪ್ಪಲಿಲ್ಲ. ಮೊಳೆಯ ಗಾಯ ಕಣ್ಣಾರೆ ಕಂಡು, ಬೆರಳಿಟ್ಟು ನೋಡಿದ ಹೊರತು ನಂಬುವುದಿಲ್ಲ ಎಂದ. ಎಂಟು ದಿನಗಳ ಮೇಲೆ ಯೇಸು ಬಂದು, ಇಗೋ ಮುಟ್ಟಿ ನೋಡು ಎಂದನಂತೆ. ಪ್ರವಚನಗಳಲ್ಲಿ ಈ ಮುಟ್ಟುವ ಘಳಿಗೆಯನ್ನೇ ಹಿಗ್ಗಿಸಿ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ನಡುವಿನ ಎಂಟು ದಿನ. ನಂಬಿದವರ ಮಧ್ಯೆ ನಂಬದ ತೋಮ ಒಂದೇ ಮನೆಯಲ್ಲಿ ಇದ್ದ. ಅವರು ಆತನನ್ನು ಹೊರಗೆ ಹಾಕಲಿಲ್ಲ, ಆತನೂ ಮುನಿದು ಎದ್ದು ಹೋಗಲಿಲ್ಲ. ಮಾರ್ಕನ ಒಂಬತ್ತನೇ ಅಧ್ಯಾಯದ ಇನ್ನೊಬ್ಬ ಮನುಷ್ಯನಿಗೆ ಹೆಸರೂ ಇಲ್ಲ. ಫಿಟ್ಸ್ ಬರುವ ಮಗನನ್ನು ಕರೆತಂದ ಆ ತಂದೆ, ನಂಬುತ್ತೇನೆ ಎಂದೂ ನನ್ನ ನಂಬಿಕೆ ಸಾಲದು, ಅದಕ್ಕೂ ನೀನೇ ಸಹಾಯ ಮಾಡು ಎಂದೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ಹೋಗಿ ಪೂರ್ತಿ ನಂಬಿಕೆ ತೆಗೆದುಕೊಂಡು ಬಾ ಎಂದು ಆತನನ್ನು ಯಾರೂ ವಾಪಸು ಕಳಿಸುವುದಿಲ್ಲ. ಮಗ ಗುಣವಾಗುತ್ತಾನೆ.

ಇನ್ನು ಚಿಂತೆಯ ವಿಷಯ. ನಿಮ್ಮ ಗೆಳೆಯ ಹೇಳಿದ ಮಾಹಿಮ್‌ನ ಸಂತ ಮೈಕಲರ ಚರ್ಚು ಪೋರ್ಚುಗೀಸರ ಕಾಲದಿಂದಲೂ ಇದೆ, ಈಗಿನ ಕಟ್ಟಡ 1970ರ ದಶಕದ್ದು. ಬುಧವಾರದ ನೊವೆನಾ ಪ್ರಾರ್ಥನೆ 1948ರಲ್ಲಿ ಆರಂಭವಾಯಿತು. ಬೆಳಗಿನಿಂದ ರಾತ್ರಿಯವರೆಗೆ ಇಂಗ್ಲಿಷ್, ಮರಾಠಿ, ಹಿಂದಿ ಮುಂತಾದ ಭಾಷೆಗಳಲ್ಲಿ ಒಂದಾದ ಮೇಲೊಂದು ಪ್ರಾರ್ಥನೆ ನಡೆಯುತ್ತದೆ. ಒಂಬತ್ತು ಬುಧವಾರ ತಪ್ಪದೆ ಬರುವುದು ರೂಢಿ. ನೀವು ಕ್ರೈಸ್ತನಲ್ಲ ಎಂದು ಬರೆದಿದ್ದೀರಿ. ಆ ಸಾಲಿನಲ್ಲಿ ನಿಮ್ಮ ಹಿಂದೆಮುಂದೆ ನಿಲ್ಲುವವರಲ್ಲೂ ಬಹಳ ಮಂದಿ ಅಲ್ಲ. ಮಂಗಳಸೂತ್ರದವರು, ಬುರ್ಖಾದವರು, ಹಣೆಗೆ ಕುಂಕುಮ ಇಟ್ಟವರು ಎಲ್ಲರೂ ಮೇಣದಬತ್ತಿ ಹಿಡಿದು ನಿಂತಿರುತ್ತಾರೆ.

ಅಲ್ಲಿರುವ ಚಿತ್ರವನ್ನು ಮಾತ್ರ ಅವಸರ ಮಾಡದೆ ನೋಡಿ. ನಿತ್ಯ ಸಹಾಯ ಮಾತೆಯ ಚಿತ್ರ ಅದು. ಮೂಲಪಟ ರೋಮಿನ ಸಂತ ಅಲ್ಫೋನ್ಸರ ಚರ್ಚಿನಲ್ಲಿದೆ; 1866ರಲ್ಲಿ ಒಂಬತ್ತನೇ ಪಯಸ್ ಪೋಪ್ ಅದನ್ನು ರಿಡೆಂಪ್ಟರಿಸ್ಟ್ ಸಭೆಯ ಸನ್ಯಾಸಿಗಳಿಗೆ ಒಪ್ಪಿಸಿದ ಮೇಲೆ ಪ್ರತಿಗಳು ಲೋಕವೆಲ್ಲ ಹಬ್ಬಿದವು. ತಾಯಿ ಮರಿಯಳ ತೋಳಿನಲ್ಲಿ ಬಾಲಯೇಸು. ಎರಡೂ ಬದಿಗೆ ದೇವದೂತರು. ಒಬ್ಬನ ಕೈಯಲ್ಲಿ ಶಿಲುಬೆ, ಇನ್ನೊಬ್ಬನ ಕೈಯಲ್ಲಿ ಈಟಿ. ಮುಂದೆ ತನಗೆ ಆಗಲಿರುವುದನ್ನು ಕಂಡು ಬೆದರಿದ ಮಗು ಓಡಿಬಂದು ತಾಯಿಯ ಕೈಯನ್ನು ತನ್ನ ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಿದೆ. ಓಡಿದ ರಭಸಕ್ಕೆ ಒಂದು ಕಾಲಿನ ಚಪ್ಪಲಿ ಕಳಚಿ, ಪಟ್ಟಿಯಲ್ಲಿ ತೂಗಾಡುತ್ತಿದೆ. ನಾಳೆ ಏನಾಗುತ್ತದೋ ಎಂಬ ಭಯ ಹೊತ್ತು ಬಂದ ಸಾವಿರಾರು ಜನ ಕೈಮುಗಿಯುವುದು, ನಾಳೆಗೆ ಹೆದರಿದ ಒಂದು ಮಗುವಿಗೆ. ಅದರ ಭಯ ಹೋಯಿತೆಂದು ಚಿತ್ರ ಎಲ್ಲೂ ಹೇಳುವುದಿಲ್ಲ. ಶಿಲುಬೆ ಅಲ್ಲೇ ಇದೆ, ಈಟಿಯೂ ಇದೆ. ಮಗು ಹಿಡಿದುಕೊಂಡ ಕೈಯೊಂದು ಹೆಚ್ಚಿಗೆ ಇದೆ.

ಜನ ಅಲ್ಲಿ ಕಾಗದ ಬರೆದು ಹಾಕುತ್ತಾರೆ. ಕೆಲಸ ಬೇಕು, ವೀಸಾ ಆಗಬೇಕು, ಮಗು ಆಗಬೇಕು, ಗಂಡನ ಕುಡಿತ ಬಿಡಬೇಕು, ಪರೀಕ್ಷೆ ಪಾಸಾಗಬೇಕು, ಬಿಲ್ಡರ್ ಮನೆಯ ಕೀಲಿ ಕೊಡಬೇಕು. ಬೇಡಿಕೆ ಈಡೇರಿದವರು ಧನ್ಯವಾದದ ಕಾಗದ ಬರೆಯುತ್ತಾರೆ, ಅವುಗಳಲ್ಲಿ ಕೆಲವನ್ನು ಪ್ರಾರ್ಥನೆಯ ನಡುವೆ ಓದುತ್ತಾರೆ. ಈಡೇರದವರ ಕಾಗದ ಓದುವ ಪದ್ಧತಿ ಇಲ್ಲ ಎಂದು ನೀವು ಕೊಂಕು ತೆಗೆಯಬಹುದು. ತೆಗೆಯಿರಿ, ನ್ಯಾಯವಾದ ಕೊಂಕೇ. ಆದರೂ ರಾತ್ರಿ ಎರಡು ಗಂಟೆಗೆ ತಲೆಯೊಳಗೆ ಗಿರಕಿ ಹೊಡೆಯುವ ಚಿಂತೆಗೆ ಆಕಾರವಿರುವುದಿಲ್ಲ. ಅದನ್ನು ನಾಲ್ಕು ಸಾಲಿನಲ್ಲಿ ಬರೆಯಲು ಕೂತವನು ತನಗೆ ನಿಜವಾಗಿ ಏನು ಭಯ ಎಂದು ಮೊದಲ ಸಲ ಕಂಡುಕೊಳ್ಳುತ್ತಾನೆ. ಆಮೇಲೆ ಅದನ್ನು ಕೈಬಿಟ್ಟು, ಅಂಥದ್ದೇ ಕಾಗದ ಹಾಕಿದವರ ಭುಜಕ್ಕೆ ಭುಜ ತಾಗಿಸಿಕೊಂಡು ನಿಲ್ಲುತ್ತಾನೆ. ಅಷ್ಟರಲ್ಲೇ ಅರ್ಧ ಭಾರ ಇಳಿಯುವುದುಂಟು. ದೇವರು ಕಾಗದ ಓದುತ್ತಾನೆಯೇ ಎಂಬ ವಾದವನ್ನು ಬದಿಗಿಟ್ಟರೂ ಇಷ್ಟು ನಿಲ್ಲುತ್ತದೆ.

ಚಿಂತೆಯನ್ನು ಕೈಗೆ ಸಿಗುವ ವಸ್ತುವಾಗಿಸುವುದು ಈ ನಗರದ ಕ್ರೈಸ್ತರ ಹಳೆಯ ಅಭ್ಯಾಸ. ಬಾಂದ್ರಾದ ಮೌಂಟ್ ಮೇರಿ ಗುಡ್ಡಕ್ಕೆ ಸೆಪ್ಟೆಂಬರ್ ಜಾತ್ರೆಯಲ್ಲಿ ಹೋದರೆ ಅಂಗಡಿಗಳಲ್ಲಿ ಮೇಣದ ಕೈ, ಮೇಣದ ಕಾಲು, ಮೇಣದ ಕೂಸು, ಮೇಣದ ಮನೆ, ವಿಮಾನ ಕೂಡ ಸಿಗುತ್ತದೆ. ಯಾರಿಗೆ ಯಾವುದರ ಕೊರಗೋ ಅದನ್ನು ಕೊಂಡು ಮಾತೆಗೆ ಒಪ್ಪಿಸುತ್ತಾರೆ. ಕೋಳಿ ಬೆಸ್ತರಿಗೆ ಆಕೆ ‘ಮೋತ ಮಾವುಲಿ’. ನಮ್ಮ ಮಂಗಳೂರು ಕಡೆಯವರು ಸೆಪ್ಟೆಂಬರ್ 8ರಂದು ಹೊಸ ಅಕ್ಕಿಯ ತೆನೆ ಮನೆಗೆ ತರುವ ಮೊಂತಿ ಫೆಸ್ತ್ ಕೂಡ ಇದೇ ತಾಯಿಯ ಹುಟ್ಟುಹಬ್ಬ. 1896ರಲ್ಲಿ ಪ್ಲೇಗು ಮಾಂಡ್ವಿಯಿಂದ ಹೊರಟು ಊರನ್ನೆಲ್ಲ ಬಡಿದಾಗ ಜನ ಗಲ್ಲಿಗಲ್ಲಿಯ ಮೂಲೆಯಲ್ಲಿ ಕಲ್ಲಿನ ಶಿಲುಬೆ ನಿಲ್ಲಿಸಿದರು. ಬಾಂದ್ರಾ, ಮಜಗಾಂವ್, ಗಿರಗಾಂವ್‌ಗಳ ಹಳೆಯ ಗಾವಠಾಣಗಳಲ್ಲಿ ಅಂಥವು ಇಂದಿಗೂ ಇವೆ. ಮೇ ತಿಂಗಳ ಸಂಜೆ ಅವುಗಳ ಮುಂದೆ ನೆರೆಹೊರೆಯವರು ಸೇರಿ ಪ್ರಾರ್ಥನೆ ಹೇಳಿ, ಬೇಯಿಸಿದ ಕಡಲೆ ಹಂಚಿ ಚದುರುತ್ತಾರೆ. ಸ್ಕೂಟರು ನಿಲ್ಲಿಸಲು ಜಾಗವಿಲ್ಲದ ಓಣಿಯಲ್ಲೂ ಶಿಲುಬೆಯ ಸುತ್ತ ಮೂರಡಿ ಬಿಟ್ಟಿರುತ್ತಾರೆ.

ಈಗ ಬೈಬಲ್ಲಿಗೆ ಬರೋಣ. ಚಿಂತೆ ಎಂದೊಡನೆ ಎಲ್ಲರೂ ನಿಮ್ಮ ಕೈಗಿಡುವುದು ಮತ್ತಾಯನ ಆರನೇ ಅಧ್ಯಾಯ: ಬಿತ್ತದ ಹಕ್ಕಿಗಳು, ನೂಲದ ಹೂವುಗಳು. ಕಂತು ಕಟ್ಟುವವನಿಗೆ ಇದನ್ನು ಓದಿದರೆ ಸಿಟ್ಟೇ ಬರಬಹುದು, ಹಕ್ಕಿಗೆ ಬ್ಯಾಂಕಿನಿಂದ ಫೋನ್ ಬರುವುದಿಲ್ಲ. ಆದರೆ ಆ ಅಧ್ಯಾಯ ಮುಗಿಯುವ ರೀತಿ ನೋಡಿ. ನಾಳೆ ಕಷ್ಟವೇ ಇರುವುದಿಲ್ಲ ಎಂದು ಯೇಸು ಹೇಳುವುದಿಲ್ಲ. ಆಯಾ ದಿನಕ್ಕೆ ಆಯಾ ದಿನದ ಪಾಡು ಇದ್ದೇ ಇದೆ, ಅಷ್ಟು ಸಾಕು ಎನ್ನುವ ಅರ್ಥದಲ್ಲಿ ನಿಲ್ಲಿಸುತ್ತಾನೆ. ಕೇಳುತ್ತಿದ್ದವರು ಬೆಸ್ತರು, ಕೂಲಿಯವರು. ಆತ ಅವರಿಗೆ ಕಲಿಸಿದ ಪ್ರಾರ್ಥನೆಯಲ್ಲೂ ಕೇಳುವುದು ಇವತ್ತಿನ ರೊಟ್ಟಿಯನ್ನು. ಲೆಕ್ಕ ಹಾಕಬೇಡ, ಉಳಿತಾಯ ಮಾಡಬೇಡ ಎಂಬ ಅರ್ಥ ಇದರಲ್ಲಿ ನನಗೆ ಕಾಣುವುದಿಲ್ಲ. ಇಪ್ಪತ್ತು ವರ್ಷದ ಕಂತನ್ನು ಇವತ್ತು ರಾತ್ರಿಯೇ ತೀರಿಸಲು ಹೋಗಬೇಡ ಎಂಬುದು ಕಾಣುತ್ತದೆ.

ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ಇದಕ್ಕಿಂತಲೂ ಹೆಸರುವಾಸಿ. ಚಿಂತೆ ಬಿಟ್ಟು ಬೇಕಾದ್ದನ್ನು ದೇವರಲ್ಲಿ ಕೃತಜ್ಞತೆಯೊಂದಿಗೆ ಅರಿಕೆ ಮಾಡಿಕೊಳ್ಳಿ ಎಂದು ಬರೆದಾಗ ಆತ ಸೆರೆಯಲ್ಲಿದ್ದ. ಹಾಗೆ ಮಾಡಿದರೆ ಏನು ಸಿಗುತ್ತದೆ ಎಂದು ಗಮನವಿಟ್ಟು ಓದಿ. ಅರಿಕೆ ಈಡೇರುತ್ತದೆ ಎಂದು ಆ ವಾಕ್ಯದಲ್ಲಿ ಇಲ್ಲವೇ ಇಲ್ಲ. ಬುದ್ಧಿಗೆ ನಿಲುಕದ ಒಂದು ಶಾಂತಿ ಮನಸ್ಸನ್ನು ಕಾಯುತ್ತದೆ ಎಂದಷ್ಟೇ ಇದೆ. ಕೇಳಿದ್ದೆಲ್ಲ ಸಿಗುತ್ತದೆಂದು ಮೈಕಿನಲ್ಲಿ ಸಾರುವವರು ಈ ಜಾಗವನ್ನು ಹಾರಿಸಿಕೊಂಡು ಹೋಗುತ್ತಾರೆ.

ಚಿಂತೆಯಲ್ಲಿರುವವರಿಗೆ ನಾನು ಮೊದಲು ಹೇಳುವುದು ಈ ಎರಡನ್ನೂ ಅಲ್ಲ. ಎಲೀಯನ ಕಥೆ ಹೇಳುತ್ತೇನೆ. ಅರಸುಗಳ ಮೊದಲನೆಯ ಗ್ರಂಥ, ಹತ್ತೊಂಬತ್ತನೇ ಅಧ್ಯಾಯ. ರಾಣಿಗೆ ಹೆದರಿ ಓಡಿಹೋದ ಆ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕಪ್ಪ, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿಕೊಳ್ಳುತ್ತಾನೆ. ಅದಕ್ಕೆ ಬಂದ ಉತ್ತರ ಉಪದೇಶವಲ್ಲ. ನಿದ್ದೆ. ಎಚ್ಚರವಾದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗುತ್ತಾನೆ. ದೇವದೂತ ಮತ್ತೆ ತಟ್ಟಿ ಎಬ್ಬಿಸಿ, ಏಳು, ತಿನ್ನು, ದಾರಿ ದೂರವಿದೆ ಎನ್ನುತ್ತಾನೆ. ಮಾತುಕತೆ ಏನಿದ್ದರೂ ಆಮೇಲೆ. ಊಟ ಬಿಟ್ಟು ನಿದ್ದೆಗೆಟ್ಟು ಕೂತವನಿಗೆ ವೇದಾಂತ ಹೇಳಬಾರದೆಂದು ಆ ಕಾಲಕ್ಕೇ ಗೊತ್ತಿತ್ತು.

ಕೀರ್ತನೆಗಳಂತೂ ದೂರುಗಳ ಕಂತೆ. ನೂರೈವತ್ತರಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಾಟ, ಆಕ್ಷೇಪಣೆ. ಹದಿಮೂರನೆಯದು ತೀರ ಪುಟ್ಟದು. ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನು ದೇವರ ಮುಖಕ್ಕೆ ನಾಲ್ಕು ಸಲ ಎಸೆಯುತ್ತದೆ. ಎಂಬತ್ತೆಂಟನೆಯದು ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲನ್ನೂ ಯಾರೂ ಅಂಟಿಸಿಲ್ಲ. ಇನ್ನು ಯೋಬ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಆತನ ಬಳಿ ಮೂವರು ಗೆಳೆಯರು ಏಳು ದಿನ ಬಾಯಿ ಬಿಡದೆ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಒಳ್ಳೆಯವರೇ. ಬಾಯಿ ತೆರೆದ ಮೇಲೆ ದೇವರ ಪರ ವಕಾಲತ್ತು ಹೂಡಿದರು, ನಿನ್ನದೇ ಏನೋ ತಪ್ಪಿರಬೇಕು ಎಂದರು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ. ಉದ್ದಕ್ಕೂ ಜಗಳವಾಡಿದ ಯೋಬನದೇ ಸರಿಯಾದ ಮಾತು ಎಂದು ತೀರ್ಪಾಗುತ್ತದೆ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಸಿಗುವುದಿಲ್ಲ.

ಪುಸ್ತಕದವರ ಕಥೆ ಸಾಕು, ಮುಂಬಯಿಯಲ್ಲಿ ಓಡಾಡಿದ ಯಾರಾದರೂ ಇದ್ದರೆ ಹೇಳಿ ಎಂದು ನೀವು ಕೇಳಬಹುದು. ಪಂಡಿತಾ ರಮಾಬಾಯಿ ಇದ್ದಾರೆ, ಹುಟ್ಟಿನಿಂದ ನಮ್ಮ ನಾಡಿನವರೇ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದ ಚಿತ್ಪಾವನ ಮನೆತನದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ‘ತಪ್ಪಿ’ಗೆ ಪಂಡಿತರೊಡನೆ ವಾದ ಮಾಡಬೇಕಾಯಿತು. ಆಮೇಲೆ ಘಟ್ಟದ ಕಾಡಿನಲ್ಲಿ, ತುಂಗೆ ಭದ್ರೆ ನೇತ್ರಾವತಿಯರು ಹುಟ್ಟುವ ಗಂಗಾಮೂಲದಲ್ಲಿ ಆಶ್ರಮ ಕಟ್ಟಿದರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲಿ. ಬಂದವರಿಗೆಲ್ಲ ಅನ್ನ ಹಾಕಿ ಹಾಕಿ ಸಾಲವಾಯಿತು. ಕುಟುಂಬ ಪುರಾಣ ಓದುತ್ತ ತೀರ್ಥದಿಂದ ತೀರ್ಥಕ್ಕೆ ಅಲೆಯಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಹಸಿವಿನಿಂದ ಒಬ್ಬರ ಹಿಂದೊಬ್ಬರು ಹೋದರು. ಅಣ್ಣನ ಜೊತೆ ನಡೆದುಕೊಂಡೇ ಕಲಕತ್ತೆ ಸೇರಿದಾಕೆಗೆ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ಸತ್ತ. 1882ರಲ್ಲಿ, ಮದುವೆಯಾಗಿ ಎರಡು ವರ್ಷವೂ ಆಗುವ ಮೊದಲೇ, ಗಂಡ ಬಿಪಿನ್ ಬಿಹಾರಿ ಕಾಲರಾಕ್ಕೆ ತುತ್ತಾದ. ಕೈಯಲ್ಲಿ ಹಸುಗೂಸು ಮನೋರಮಾ. ವಯಸ್ಸು ಇಪ್ಪತ್ನಾಲ್ಕೂ ತುಂಬಿರಲಿಲ್ಲ.

ಸಿಲ್ಚಾರಿನ ಮನೆಯಲ್ಲಿ ಪುಸ್ತಕಗಳ ನಡುವೆ ಸಿಕ್ಕ ಬಂಗಾಳಿಯ ಲೂಕನ ಸುವಾರ್ತೆಯನ್ನು ಆಕೆ ಆಸಕ್ತಿಯಿಂದ ಓದಿದ್ದರು. ಇಂಗ್ಲೆಂಡಿಗೆ ಓದಲು ಹೋದಾಗ, ದಾರಿ ತಪ್ಪಿದವರೆಂದು ಸಮಾಜ ತಳ್ಳಿದ ಹೆಂಗಸರಿಗಾಗಿ ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಮನೆಯೊಂದನ್ನು ಕಂಡರು. ಇದೇಕೆ ಮಾಡುತ್ತೀರಿ ಎಂದಾಗ ಸನ್ಯಾಸಿನಿಯೊಬ್ಬರು ಬಾವಿಕಟ್ಟೆಯಲ್ಲಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆ ಓದಿ ಹೇಳಿದರು. ರಮಾಬಾಯಿಯ ಮನಸ್ಸು ತಿರುಗಿದ್ದು ಅಲ್ಲಿ. 1883ರ ಸೆಪ್ಟೆಂಬರಿನಲ್ಲಿ ವಾಂಟೇಜ್‌ನಲ್ಲಿ ದೀಕ್ಷಾಸ್ನಾನವಾಯಿತು.

ಇಲ್ಲಿಗೆ ಮುಗಿದಿದ್ದರೆ ನಿಮಗೆ ಈ ಕಥೆ ಹೇಳುತ್ತಿರಲಿಲ್ಲ. ದೀಕ್ಷೆಯಾದ ಮೇಲೆ ಆಕೆಯ ಜಗಳ ಜೋರಾಯಿತು. ತ್ರೈಏಕತ್ವ ಎಂದರೇನು, ಬಿಷಪ್ಪರು ಹೇಳಿದ್ದನ್ನು ನಾನೇಕೆ ಒಪ್ಪಬೇಕು ಎಂದು ತನ್ನ ಧರ್ಮಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡಿನ್‌ಗೆ ಕಾಗದದ ಮೇಲೆ ಕಾಗದ ಬರೆದರು. ಆ ಪತ್ರಗಳು ಅಚ್ಚಾಗಿವೆ. ಓದಿದರೆ ಪಂಡಿತರ ಸಭೆಯಲ್ಲಿ ವಾದ ಮಾಡಿದ ಅಪ್ಪನ ಮಗಳು ಎದ್ದು ಕಾಣುತ್ತಾಳೆ. 1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಾಗಲೂ ಆಕೆಗೆ ಒಳಗಿನ ನೆಮ್ಮದಿ ಇರಲಿಲ್ಲ. ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬರ್ಥದ ಮಾತನ್ನು ಆಕೆಯೇ ನಂತರ ತಮ್ಮ ಆತ್ಮಕಥನದಲ್ಲಿ ಬರೆದರು. ದೀಕ್ಷೆಯಿಂದ ನೆಮ್ಮದಿಗೆ ಸುಮಾರು ಎಂಟು ವರ್ಷ. ಆ ಎಂಟು ವರ್ಷ ಆಕೆ ಸುಮ್ಮನೆ ಕೂರಲಿಲ್ಲ, ಬೇರೆಯವರ ಚಿಂತೆಗೆ ಮನೆ ಕಟ್ಟಿದರು. ಸದನ ಪುಣೆಗೆ ಹೋಯಿತು, ಮುಂದೆ ಕೇಡಗಾಂವ್‌ನ ಮುಕ್ತಿ ಮಿಷನ್ ಆಯಿತು; ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳನ್ನು ಹಸಿವು ಕಂಡಿದ್ದ ಈ ಹೆಂಗಸೇ ಕರೆತಂದು ಸಾಕಿದರು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. 1921ರಲ್ಲಿ ಮನೋರಮಾ ತಾಯಿಗಿಂತ ಮೊದಲು ತೀರಿಕೊಂಡಳು. ಮರುವರ್ಷ ಏಪ್ರಿಲ್ 5ರಂದು ರಮಾಬಾಯಿ ಹೋದರು.

ಅನುಮಾನ ಎಂಟು ವರ್ಷಕ್ಕೇ ತೀರಬೇಕೆಂದೂ ಇಲ್ಲ. ಭಾಯಖಳಾದಲ್ಲಿ ಮದರ್ ತೆರೇಸಾರ ಸಭೆಯವರು 1976ರಿಂದ ನಡೆಸುವ ಆಶಾದಾನ ಎಂಬ ಮನೆಯಿದೆ. ಯಾರಿಗೂ ಬೇಡವಾದ ಕೂಸುಗಳು, ರೋಗಿಗಳು, ಅಂಗವಿಕಲರು ಅಲ್ಲಿದ್ದಾರೆ. ಆ ತಾಯಿಯ ಖಾಸಗಿ ಪತ್ರಗಳು 2007ರಲ್ಲಿ ಹೊರಬಂದಾಗ ಲೋಕ ಬೆಚ್ಚಿತು. ದಶಕಗಳ ಕಾಲ ಆಕೆಗೆ ದೇವರ ಇರವೇ ಅನುಭವಕ್ಕೆ ಬಂದಿರಲಿಲ್ಲ, ಒಳಗೆಲ್ಲ ಕತ್ತಲು. ಇದನ್ನು ತಿಳಿದೂ ಚರ್ಚು 2016ರಲ್ಲಿ ಆಕೆಯನ್ನು ಸಂತಳೆಂದು ಸಾರಿತು.

ಒಂದು ಕಹಿಯನ್ನೂ ಹೇಳಿಬಿಡಬೇಕು. ಒಬ್ಬರ ಸಮಾಧಾನ ಇನ್ನೊಬ್ಬರ ನಿದ್ದೆ ಕೆಡಿಸಬಹುದು. ಮರಾಠಿ ಕವಿ ನಾರಾಯಣ ವಾಮನ ಟಿಳಕರು ರೈಲಿನಲ್ಲಿ ಅಪರಿಚಿತನೊಬ್ಬ ಕೊಟ್ಟ ಹೊಸ ಒಡಂಬಡಿಕೆ ಓದಿ, ಬೆಟ್ಟದ ಮೇಲಿನ ಪ್ರಸಂಗಕ್ಕೆ ಮರುಳಾಗಿ, 1895ರಲ್ಲಿ ಮುಂಬಯಿಯಲ್ಲಿ ದೀಕ್ಷೆ ತೆಗೆದುಕೊಂಡರು. ಹೆಂಡತಿ ಲಕ್ಷ್ಮೀಬಾಯಿಗೆ ಆಕಾಶ ಕಳಚಿ ಬಿತ್ತು. ವರ್ಷಗಳ ವಿರಹದ ನಂತರ ಆಕೆ ಗಂಡನ ಬಳಿಗೆ ಬಂದರು, 1900ರಲ್ಲಿ ತಾವೂ ಕ್ರೈಸ್ತರಾದರು. ಆ ಸಂಕಟವನ್ನೂ ನಗುವನ್ನೂ ‘ಸ್ಮೃತಿಚಿತ್ರೆ’ಯಲ್ಲಿ ಬರೆದಿಟ್ಟಿದ್ದಾರೆ. ಸಮಾಧಾನಕ್ಕೆ ಮತಾಂತರವೇ ಆಗಬೇಕೆಂದು ನಿಮ್ಮ ಗೆಳೆಯ ಹೇಳಿಲ್ಲ, ನಾನೂ ಹೇಳುವುದಿಲ್ಲ. ಅದು ಬೇರೆಯದೇ ತೀರ್ಮಾನ. ನಿದ್ದೆ ಬಾರದ ರಾತ್ರಿ ಕೈಗೊಳ್ಳುವಂಥದ್ದಲ್ಲ.

ಹಾಗಾದರೆ ಚಿಂತೆ ಹೋಗುತ್ತದೆಯೇ? ಹಗುರಾಗುತ್ತದೆ ಎಂದು ಹೇಳಬಲ್ಲೆ, ಹೋಗುತ್ತದೆ ಎಂದು ಹೇಳಲಾರೆ. ನಮ್ಮ ಮನೆಗಳಲ್ಲಿ ಸಂಜೆಯ ತೆರ್ಸ್, ಅಂದರೆ ಜಪಮಾಲೆ, ಮುಗಿಯುವ ಹೊತ್ತಿಗೆ ಹಿರಿಯರು ಹೆಸರು ಹಿಡಿದು ಪ್ರಾರ್ಥಿಸುವುದಿದೆ: ಗಲ್ಫಿನಲ್ಲಿರುವವನಿಗೆ, ಆಸ್ಪತ್ರೆಯಲ್ಲಿರುವವಳಿಗೆ, ಕೋರ್ಟಿಗೆ ಅಲೆಯುತ್ತಿರುವವನಿಗೆ, ಸತ್ತವರಿಗೆ. ಚಿಕ್ಕವರಿದ್ದಾಗ ನಮಗೆ ಅದು ಊಟಕ್ಕೆ ಅಡ್ಡ ಬರುವ ಉದ್ದ ಪಟ್ಟಿ. ತನ್ನ ಹೆಸರೂ ಯಾವುದೋ ಮನೆಯ ಪಟ್ಟಿಯಲ್ಲಿದೆ ಎಂದು ತಿಳಿದವನಿಗೆ ಅದರ ಬೆಲೆ ಗೊತ್ತು.

ಎಲೀಯನಿಗೆ ರೊಟ್ಟಿ ನೀರು ಮೊದಲು ಬಂದಂತೆ ನಿಮಗೂ ಮೊದಲು ಆಗಬೇಕಾದ್ದು ಇದೆ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಎನಿಸುತ್ತದೆ ಎಂದಿದ್ದರೆ ಅದು ವೈದ್ಯರ ಬಳಿ ಹೋಗಬೇಕಾದ ಕಾಯಿಲೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡಬಹುದು. ಪ್ರಾರ್ಥಿಸಿದರೆ ಮಾತ್ರೆ ಬೇಡ ಎನ್ನುವ ಪಾದ್ರಿಯಾಗಲಿ ಬೋಧಕರಾಗಲಿ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಸುವಾರ್ತಿಕ ಲೂಕನನ್ನು ಪೌಲನೇ ವೈದ್ಯನೆಂದು ಕರೆದಿದ್ದಾನೆ.

ಓದುವುದಿದ್ದರೆ ಬೈಬಲ್ ಸೊಸೈಟಿಯ ಕನ್ನಡ ಸತ್ಯವೇದ ಅಗ್ಗದಲ್ಲಿ ಸಿಗುತ್ತದೆ. ಆದಿಕಾಂಡದಿಂದ ಹಿಡಿಯಬೇಡಿ, ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಸುಸ್ತಾಗುತ್ತೀರಿ. ಹದಿಮೂರನೇ ಕೀರ್ತನೆ, ನಲವತ್ತೆರಡನೆಯದು, ಆಮೇಲೆ ಎಲೀಯ, ಆಮೇಲೆ ಮಾರ್ಕ. ಮಾರ್ಕನದು ಹದಿನಾರೇ ಅಧ್ಯಾಯ, ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗಿಬರುವಷ್ಟರಲ್ಲಿ ಮುಗಿಯುತ್ತದೆ. ಮಾಹಿಮ್‌ಗೆ ಹೋಗುವುದಾದರೆ ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಹಿಡಿಯಿರಿ. ಬುಧವಾರದ ಗದ್ದಲ ಬೇಡವೆನಿಸಿದರೆ ಬೇರೆ ದಿನ ಹೋಗಿ. ಚಿತ್ರ ಅಂದೂ ಇರುತ್ತದೆ, ಕೂರಲು ಬೆಂಚೂ ಸಿಗುತ್ತದೆ.